ಅಜ್ಜಿಯ ಎಂಟು ಪಟಗಳು

(ನಂಜನಗೂಡಿನಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಸ್ಥರೂ ಕೂಡಿದ್ದ ಸಂಜೆಯ ಸಭೆಯಲ್ಲಿ, ಗೋಡೆಗೆ ತೂಗುಹಾಕಿದ್ದ ಎಂಟು ಚಿತ್ರಗಳ ಮುಂದೆ ನಿಂತು ಮಾಡಿದ ಭಾಷಣ.)



ಪಾಳಿ ಮುಗಿಸಿ, ಅಂಗಡಿಯ ಬಾಗಿಲೆಳೆದು, ದಣಿದು ಬಂದಿದ್ದೀರಿ. ಚಿತ್ರಕಲೆಯ ಮೇಲೆ ಭಾಷಣವೆಂದು ಹೇಳಿದಾಗ ನಿಮ್ಮಲ್ಲಿ ಕೆಲವರು ನಕ್ಕದ್ದು ನಮಗೆ ಗೊತ್ತು. ಕೂಲಿಯ ಮಾತು, ಬೋನಸ್ಸಿನ ಮಾತು, ತೆರಿಗೆಯ ಮಾತು ಇರುವಾಗ ಪಟದ ಮಾತೇಕೆ ಎಂದು ಕೇಳಿದಿರಿ. ಕೂಲಿಯ ಮಾತೇ ಬರುತ್ತದೆ, ಸ್ವಲ್ಪ ತಾಳಬೇಕು.

ಈ ಎಂಟು ಪಟಗಳನ್ನು ಬರೆದವರು ನಮ್ಮ ಸ್ನೇಹಿತರು, ತಿರುಮಕೂಡಲು ನರಸೀಪುರದ ಕಡೆ ಡ್ರಾಯಿಂಗ್ ಮೇಷ್ಟ್ರು. ಎಂಟರಲ್ಲಿಯೂ ಇರುವವರು ಒಬ್ಬರೇ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ನಂಜನಗೂಡಿಗೂ ನರಸೀಪುರಕ್ಕೂ ನಡುವೆ, ಕಪಿಲೆಯ ದಂಡೆಯ ಒಂದು ಹಳ್ಳಿಯವರು. ನಾಲೆಯ ಕೆಳಗೆ ಒಂದು ತುಂಡು ಗದ್ದೆ, ಮೇಲೆ ಒಂದಿಷ್ಟು ಹೊಲ. ಹೆಸರನ್ನು ಏಕೆ ಹೇಳುತ್ತಿಲ್ಲ ಎಂಬುದನ್ನು ಕೊನೆಗೆ ಹೇಳುತ್ತೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಒಮ್ಮೆ ಮಕ್ಕಳಿಗೆ "ರೈತನ ಚಿತ್ರ ಬರೆಯಿರಿ" ಎಂದೆವು. ಎಲ್ಲರೂ ಬರೆದರು. ತಲೆಗೆ ರುಮಾಲು, ಹೆಗಲಿಗೆ ನೇಗಿಲು, ಮುಂದೆ ಎರಡು ಎತ್ತು, ಹಿಂದೆ ಎರಡು ಗುಡ್ಡ, ನಡುವೆ ಸೂರ್ಯ. ಒಂದು ಹಲಗೆಯಲ್ಲಿಯೂ ಹೆಂಗಸಿರಲಿಲ್ಲ. ಕಿಟಕಿಯಿಂದ ಹೊರಗೆ ನೋಡಿದರೆ ಗದ್ದೆ ಕಾಣುತ್ತಿತ್ತು. ಆ ಹೊತ್ತಿನಲ್ಲಿ ಅಲ್ಲಿ ಬಗ್ಗಿ ನಾಟಿ ಹಾಕುತ್ತಿದ್ದವರೆಲ್ಲ ಹೆಂಗಸರು, ಅದೇ ಮಕ್ಕಳ ಅವ್ವಂದಿರು. ತಪ್ಪು ಮಕ್ಕಳದಲ್ಲ. ಕರಿಹಲಗೆಯ ಮೇಲೆ ಮಾದರಿ ಬರೆದು ತೋರಿಸಿದವರು ನಾವೇ.

ಇದು ನಮ್ಮೊಬ್ಬರ ತಪ್ಪೆಂದೂ ತಿಳಿಯಬೇಡಿ. ಮೈಸೂರಿಗೆ ಹೋದವರೆಲ್ಲ ಜಗನ್ಮೋಹನ ಅರಮನೆಯಲ್ಲಿ ಕೈಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿದ್ದೀರಿ. ಬಹಳ ಮಂದಿ ಅದು ರವಿವರ್ಮನದು ಎನ್ನುತ್ತಾರೆ. ಅಲ್ಲ. ಅದನ್ನು 1945–46ರ ಸುಮಾರಿಗೆ ಬರೆದವರು ಎಸ್. ಎಲ್. ಹಳದಣಕರ್. ದೀಪ ಹಿಡಿದು ನಿಂತವರು ಅವರ ಮಗಳೇ, ಗೀತಾ. ಆಕೆ ನೂರು ವರ್ಷ ದಾಟಿ ಬಾಳಿ 2018ರಲ್ಲಿ ತೀರಿಕೊಂಡರು. ಚಿತ್ರ ಬಹಳ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಊರಿನ ಅರಮನೆಗಳ ಗೋಡೆಗಳ ಮೇಲೆ ಎಷ್ಟು ರಾಜರು, ಎಷ್ಟು ರಾಣಿಯರು, ಎಷ್ಟು ದಿವಾನರು! ಆ ಅರಮನೆಗೆ ಅಕ್ಕಿ ಬೆಳೆದು ಕೊಟ್ಟ ಮುದುಕಿಯ ಮುಖವೆಲ್ಲಿ ಎಂದು ಕೇಳಿದರೆ, ಅದಕ್ಕೆ ಗೋಡೆ ಸಾಲಲಿಲ್ಲವೆಂದು ಕಾಣುತ್ತದೆ.

ನಮ್ಮ ಸೀಮೆಯ ಕಲ್ಲುಗಳಲ್ಲಿ ಹುಡುಕೋಣ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ದೇವಾಲಯ ಹದಿಮೂರನೆಯ ಶತಮಾನದ್ದು. ಅಲ್ಲಿ ಕೆತ್ತಿದ ಮಲ್ಲಿತಮ್ಮ ತನ್ನ ವಿಗ್ರಹಗಳ ಕೆಳಗೆ ತನ್ನ ಹೆಸರು ಬರೆದುಕೊಂಡ. ಒಳ್ಳೆಯದೇ ಆಯಿತು, ಕೆಲಸಗಾರನ ಹೆಸರು ಉಳಿಯಿತು. ಆದರೆ ಹಳ್ಳಿಯ ಹೆಂಗಸಿಗೆ ಕಲ್ಲು ಎಂದು ಸಿಕ್ಕಿತು? ನೀವು ಊರಾಚೆ ಮಾಸ್ತಿಕಲ್ಲನ್ನು ನೋಡಿದ್ದೀರಿ. ಕಂಬದಿಂದ ಒಂದು ತೋಳು ಹೊರಬಂದಿರುತ್ತದೆ, ಮೊಣಕೈ ಮಡಿಸಿ ಮೇಲಕ್ಕೆ ಎತ್ತಿರುತ್ತದೆ, ಕೈತುಂಬ ಬಳೆ. ಗಂಡನ ಹಿಂದೆ ಬೆಂಕಿಗೆ ಬಿದ್ದರೆ ಮಾತ್ರ ಆ ಕಲ್ಲು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವಿದೆ. ಗಂಡ ಸತ್ತ ಸುದ್ದಿ ಕೇಳಿ, ತಂದೆತಾಯಿಯರು ಬೇಡವೆಂದರೂ ಕೇಳದೆ ಬೆಂಕಿ ಹೊಕ್ಕ ದೇಕಬ್ಬೆಯ ಕಥೆ. ಹೆಸರು ಒಂಬೈನೂರು ವರ್ಷಕ್ಕೂ ಹೆಚ್ಚು ಕಾಲ ಉಳಿದಿದೆ, ನಿಜ. ಗಂಡ ಸತ್ತ ಮೇಲೂ ಬದುಕಿ, ಉತ್ತು ಬಿತ್ತಿ, ಮಕ್ಕಳನ್ನು ಸಾಕಿದವಳಿಗೆ ಕಲ್ಲೂ ಇಲ್ಲ, ಶಾಸನವೂ ಇಲ್ಲ.

ಜರ್ಮನಿಯಲ್ಲಿ ಕೇತೆ ಕೋಲ್ವಿಟ್ಸ್ ಎಂಬಾಕೆ ಇದ್ದರು. ಗಂಡ ಬರ್ಲಿನ್ನಿನ ಕೆಲಸಗಾರರ ಕೇರಿಯಲ್ಲಿ ವೈದ್ಯರು. ಆಕೆ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಹಳೆಯ ರೈತ ದಂಗೆಯನ್ನು ಕುರಿತು ಏಳು ಚಿತ್ರಗಳ ಮಾಲೆಯನ್ನು ಅಚ್ಚು ಮಾಡಿದರು. ಅದರಲ್ಲೊಂದರಲ್ಲಿ ಒಬ್ಬ ರೈತ ಹೆಂಗಸು ನಮಗೆ ಬೆನ್ನು ಹಾಕಿ ನಿಂತಿದ್ದಾಳೆ, ಎರಡು ತೋಳುಗಳನ್ನೂ ಮೇಲೆತ್ತಿದ್ದಾಳೆ. ಇಡೀ ಜನ ಅವಳ ಮುಂದೆ ನುಗ್ಗಿ ಹೋಗುತ್ತಿದೆ. ಅದನ್ನು ಪುಸ್ತಕದಲ್ಲಿ ನೋಡಿದಾಗ ನಮಗೆ ಮಾಸ್ತಿಕಲ್ಲಿನ ತೋಳು ನೆನಪಾಯಿತು. ಅದೂ ಎತ್ತಿದ ತೋಳೇ, ಇದೂ ಎತ್ತಿದ ತೋಳೇ. ಒಂದು ಸಾಯಲು ಎತ್ತಿದ್ದು, ಇನ್ನೊಂದು ಬದುಕಲು ಎತ್ತಿದ್ದು.

ನಮ್ಮ ನಂಜನಗೂಡಿನಲ್ಲಿಯೇ ಇನ್ನೊಂದು ಸಂಗತಿಯಿದೆ. ಶ್ರೀಕಂಠೇಶ್ವರನ ಗುಡಿಯ ಪ್ರಾಕಾರದಲ್ಲಿ ಅರವತ್ತಮೂವರು ಪುರಾತನರ ಸಾಲನ್ನು ನೀವೆಲ್ಲ ಸುತ್ತಿದ್ದೀರಿ. ಆ ಅರವತ್ತಮೂವರ ಲೆಕ್ಕದಲ್ಲಿ ಹೆಂಗಸರು ಮೂವರೇ. ಅವರಲ್ಲಿ ಕಾರೈಕಾಲಿನ ಅಮ್ಮೆ ಒಬ್ಬಳು. ಅವಳು ರಾಣಿಯಲ್ಲ, ವರ್ತಕನೊಬ್ಬನ ಹೆಂಡತಿ. ಅಂಗಡಿ ಬೀದಿಯವರಿಗೆ ನೆಂಟಳು. ತಮಿಳುನಾಡಿನ ಕಂಚಿನ ವಿಗ್ರಹಗಳಲ್ಲಿ ಅವಳನ್ನು ಪಕ್ಕೆಲುಬು ಕಾಣುವ, ಮೊಲೆ ಬತ್ತಿದ ಮುದುಕಿಯಾಗಿ ಎರಕ ಹೊಯ್ದಿದ್ದಾರೆ. ಚೆಲುವನ್ನು ತಾನೇ ಬೇಡವೆಂದವಳು ಎಂದು ಕಥೆ. ಆದುದರಿಂದ ಮುದುಕಿಯ ಮೈಯನ್ನು ಇದ್ದದ್ದು ಇದ್ದ ಹಾಗೆ ತೋರಿಸುವುದು ಪರದೇಶದಿಂದ ಬಂದ ಹೊಸ ಗೀಳಲ್ಲ. ನಮ್ಮ ಎರಕದವರಿಗೆ ಅದು ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು. ಆದರೆ ಅಷ್ಟಾಗಲು ಅವಳು ಮನೆ ಬಿಟ್ಟು ಸಂತಳಾಗಬೇಕಾಯಿತು. ನಮ್ಮ ಅಜ್ಜಿ ಮನೆ ಬಿಟ್ಟಿಲ್ಲ. ಬಿಟ್ಟರೆ ಎಮ್ಮೆಗೆ ಹುಲ್ಲು ಹಾಕುವವರಿಲ್ಲ.

ಈಗ ಪಟಗಳ ಕಡೆ ಬನ್ನಿ.

ಮೊದಲನೆಯದು, ಬಾಗಿಲ ಪಕ್ಕದ್ದು. ಮೇಷ್ಟ್ರು ಹೋಗಿ "ಅವ್ವಾ, ನಿಮ್ಮ ಪಟ ಬರೀತೀನಿ" ಎಂದಾಗ ಅಜ್ಜಿ ಒಳಗೆ ಹೋಗಿ ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಸ್ಟುಡಿಯೋದಲ್ಲಿ ಕೂತ ಹಾಗೆ ಕೂತರು. ಕೈ ಎರಡನ್ನೂ ಸೆರಗಿನೊಳಗೆ ಮುಚ್ಚಿಕೊಂಡರು. ಕೈ ಕಾಣಲಿ ಎಂದರೆ, "ಬ್ಯಾಡ ಕನಪ್ಪ, ಕೈ ಸಂದಾಗಿಲ್ಲ" ಎಂದರು. ನೋಡಿ, ಆ ಪಟದಲ್ಲಿ ಕೈಯೇ ಇಲ್ಲ. ಐವತ್ತಕ್ಕೂ ಹೆಚ್ಚು ವರ್ಷ ದುಡಿದ ಕೈಯನ್ನು ಮುಚ್ಚಿಡಬೇಕೆಂದು ಅವರಿಗೆ ಕಲಿಸಿದವರು ಯಾರು? ಯಾರೂ ಕೂರಿಸಿಕೊಂಡು ಪಾಠ ಹೇಳಲಿಲ್ಲ. ನಾವೆಲ್ಲ ಸೇರಿ ಕಲಿಸಿದೆವು.

ಎರಡನೆಯ ಪಟಕ್ಕೆ ಅಜ್ಜಿ ಕೂರಲೇ ಇಲ್ಲ. ನಾಲೆಗೆ ನೀರು ಬಿಟ್ಟಿದ್ದರು, ನಾಟಿಯ ಕಾಲ. "ಪಟ ಬೇಕಾದ್ರ ಗದ್ದೆಗ್ ಬಾ" ಎಂದರು. ಮೇಷ್ಟ್ರು ಬದುವಿನ ಮೇಲೆ ಕೊಡೆ ಹಿಡಿದು ಕೂತು ಬರೆದದ್ದು ಅದು. ಮುಖ ಕಾಣುವುದಿಲ್ಲ, ಬಗ್ಗಿದ ಬೆನ್ನು, ಎತ್ತಿ ಕಟ್ಟಿದ ಸೀರೆ, ಮೊಣಕಾಲವರೆಗೆ ಕೆಸರು, ಎಡಗೈಯಲ್ಲಿ ಪೈರಿನ ಕಟ್ಟು. ಮುಖವಿಲ್ಲದೆ ಅದು ಪಟ ಹೇಗಾಯಿತು ಎಂದು ಒಬ್ಬರು ಈಗ ತಾನೆ ಕೇಳಿದರು. ಊರಿನವರನ್ನು ಕೇಳಿ ನೋಡಿ. ಆ ಬೆನ್ನು ನೋಡಿಯೇ ಇಂಥವರು ಎಂದು ಹೇಳಿದರು.

ಮೂರನೆಯದರಲ್ಲಿ ಬರೀ ಕೈಗಳು. ಬೆರಳ ಗೆಣ್ಣು ಊದಿವೆ, ಬಲಗೈ ತೋರುಬೆರಳಿನಲ್ಲಿ ಕುಡುಗೋಲಿನ ಹಳೆಯ ಗಾಯ. ನಾಲ್ಕನೆಯದು ಕಳೆ ಕೀಳುವುದು. ಐದನೆಯದು ಕಣದಲ್ಲಿ, ಮೊರ ಹಿಡಿದು ಗಾಳಿಗೆ ಹೊಟ್ಟು ತೂರುತ್ತಿರುವುದು. ಆರನೆಯದು ಬಿತ್ತನೆಯ ಕಾಳು ತೆಗೆದಿಡುವುದು: ಅವರೆ, ಹುರುಳಿ, ರಾಗಿಗಳನ್ನು ಆರಿಸಿ, ಬೂದಿ ಬೆರೆಸಿ ಮಡಕೆಗೆ ತುಂಬುತ್ತಿದ್ದಾರೆ. ಯಾವ ಹೊಲಕ್ಕೆ ಯಾವ ಕಾಳು, ಯಾವ ತೆನೆಯನ್ನು ಬೀಜಕ್ಕೆ ಬಿಡಬೇಕು ಎಂಬ ವಿದ್ಯೆ ಅವರ ಬೆರಳಲ್ಲಿದೆ. ಏಳನೆಯದು ಎಮ್ಮೆ ಕರೆಯುವುದು.

ಒಬ್ಬರನ್ನೇ ಇಷ್ಟು ಸಲ ಬರೆಯುವುದೇಕೆ ಎಂದು ನಾವೂ ಕೇಳಿದೆವು. ಮೇಷ್ಟ್ರು ಹಾಲೆಂಡಿನ ವಾನ್ ಗೋ ಎಂಬ ಚಿತ್ರಗಾರನ ಮಾತೆತ್ತಿದರು. ಅವನು 1884–85ರಲ್ಲಿ ನ್ಯೂನೆನ್ ಎಂಬ ಹಳ್ಳಿಯಲ್ಲಿ ರೈತರ, ರೈತ ಹೆಂಗಸರ ಸುಮಾರು ನಲವತ್ತು ಮುಖಗಳನ್ನು ಬರೆದ. ಕೈಗಳನ್ನೇ ಬೇರೆ ಬರೆದ. ಇಷ್ಟೆಲ್ಲ ಆದ ಮೇಲೆ 1885ರಲ್ಲಿ ಆಲೂಗೆಡ್ಡೆ ಉಣ್ಣುತ್ತಿರುವ ಒಂದು ಬಡ ಸಂಸಾರದ ದೊಡ್ಡ ಚಿತ್ರವನ್ನು ಮುಗಿಸಿದ. ತಟ್ಟೆಗೆ ಚಾಚಿದ ಆ ಕೈಗಳೇ ಮಣ್ಣು ಅಗೆದ ಕೈಗಳು ಎಂದು ನೋಡಿದವರಿಗೆ ತಿಳಿಯಬೇಕು ಎಂಬುದು ಅವನ ಹಟ. ಜರ್ಮನಿಯ ಪೌಲಾ ಮೋಡರ್ಸೋನ್ ಬೆಕರ್ ಎಂಬ ಹೆಂಗಸು ವೋರ್ಪ್ಸ್‌ವೇಡೆ ಎಂಬ ಹಳ್ಳಿಯಲ್ಲಿ, ದಿಕ್ಕಿಲ್ಲದ ಬಡವರನ್ನು ಇಟ್ಟಿದ್ದ ಮನೆಯ ಮುದುಕಿಯನ್ನು ಮತ್ತೆ ಮತ್ತೆ ಬರೆದಳು. ಮರುಕಕ್ಕಾಗಿ ಅಲ್ಲ, ಗುಡಿಯ ದೇವರನ್ನು ಕೂರಿಸಿದ ಹಾಗೆ ಎದುರಿಗೆ ಕೂರಿಸಿ. ಆಕೆ 1907ರಲ್ಲಿ 31ನೆಯ ವಯಸ್ಸಿಗೇ ಸತ್ತಳು. ಬದುಕಿದ್ದಾಗ ಬೆರಳೆಣಿಕೆಯ ಚಿತ್ರಗಳು ಮಾತ್ರ ಮಾರಾಟವಾದವು.

ಒಂದು ಸಲ ನೋಡಿದರೆ ನಮಗೆ ಕಾಣುವುದು "ಒಬ್ಬ ಮುದುಕಿ". ಎಂಟು ಸಲ ನೋಡಿದರೆ ಇಂಥ ಮನೆಯ, ಇಂಥ ಕೈಯ, ಇಂಥ ಮಾತಿನ ಮನುಷ್ಯರು ಕಾಣುತ್ತಾರೆ. ಗಿರಣಿಯ ಕೆಲಸಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಹಾಜರಿ ಪುಸ್ತಕದಲ್ಲಿ ನೀವು ಒಂದು ನಂಬರು. ಪಕ್ಕದ ಯಂತ್ರದವನಿಗೆ ಮಾತ್ರ ನೀವು ಮನುಷ್ಯರು.

ಈಗ ಕೂಲಿಯ ಮಾತಿಗೆ ಬಂದೆವು.

ಮೂರನೆಯ ಪಟ ಮುಗಿದ ದಿನ ನಾವೂ ಅಲ್ಲಿದ್ದೆವು. ಅಜ್ಜಿ ಎದ್ದು ಸೊಂಟ ನೀವಿಕೊಂಡು, "ಮೇಷ್ಟ್ರೇ, ಒತ್ತಾರಿಂದ ಕೂತಿವ್ನಿ. ಒಂದಾಳ್ ಕೂಲಿ ಓಯ್ತಲ್ಲ, ಅದ್ಯಾರ್ ಕೊಟ್ಟರು?" ಎಂದರು. ನಮ್ಮ ಸ್ನೇಹಿತರ ಮುಖ ಸಪ್ಪಗಾಯಿತು. ಅವರೇನು ಹಣವಂತರಲ್ಲ, ಬಣ್ಣವನ್ನು ಸಂಬಳದಲ್ಲಿ ಉಳಿಸಿ ಕೊಂಡವರು. ಕಲೆಯ ನಡುವೆ ಕೂಲಿ ಬಂತಲ್ಲಾ ಎಂದು ಅವರಿಗೆ ನೋವು. ನಾವಾದರೂ ಸರಿಯಾಗಿ ಮಾತಾಡಿದೆವೇ? ಇಲ್ಲ. ಸಭೆಗಳಲ್ಲಿ ಕೂಲಿಯ ಮೇಲೆ ಗಂಟೆಗಟ್ಟಲೆ ಮಾತಾಡುವ ನಾವು, "ಅವ್ವಾ, ಪಟದಲ್ಲಿ ನಿಮ್ಮ ಹೆಸರು ಉಳೀತದೆ" ಎಂದುಬಿಟ್ಟೆವು.

ಅಜ್ಜಿ ನಮ್ಮನ್ನೇ ಸ್ವಲ್ಪ ಹೊತ್ತು ನೋಡಿದರು. "ಪಾಣೀಲೇ ನನ್ ಹೆಸ್ರಿಲ್ಲ. ಪಟದಲ್ಲಿ ಉಳ್ಕಂಡು ಏನಾದದು?" ಎಂದರು.

ಬಂಧುಗಳೇ, ಈ ಸಭೆಯನ್ನು ಕರೆದದ್ದು ಈ ಒಂದು ಮಾತಿಗಾಗಿ.

ವಿಚಾರಿಸಿದೆವು. ಜಮೀನು ಈಗಲೂ ಮಾವನ ಹೆಸರಿನಲ್ಲಿದೆ. ಮಾವ ಸತ್ತು ಎಷ್ಟೋ ಕಾಲವಾಯಿತು. ಗಂಡನ ಹೆಸರಿಗೆ ಖಾತೆಯಾಗಲಿಲ್ಲ, ಗಂಡನೂ ಸತ್ತ. ಅಜ್ಜಿ ಉಳುವುದು, ಬಿತ್ತುವುದು, ಕಂದಾಯ ಕಟ್ಟುವುದು ಎಲ್ಲವನ್ನೂ ಸತ್ತವರ ಹೆಸರಿನಲ್ಲಿ ಮಾಡುತ್ತಿದ್ದಾರೆ. ಬೆಳೆ ಸಾಲ ಕೇಳಲು ಹೋದರೆ ಪಹಣಿ ತನ್ನಿ ಎನ್ನುತ್ತಾರೆ. ನೀರು ನುಗ್ಗಿ ಪೈರು ಹೋದ ವರ್ಷ ಪರಿಹಾರ ಕೇಳಿದರೆ, "ಖಾತೆದಾರರನ್ನು ಕಳಿಸಿ" ಎಂದರಂತೆ. ಖಾತೆದಾರರು ಮಸಣದಲ್ಲಿದ್ದಾರೆ. ಹೀಗೆ ಕೇಳಿದ ಕಛೇರಿಯ ಹೆಸರು ಬೇಡ. ಅದೊಂದೇ ಅಲ್ಲ, ಆ ಗುಮಾಸ್ತನ ಜಾಗದಲ್ಲಿ ನಾವು ಕೂತಿದ್ದರೂ ಹಾಗೆಯೇ ಕೇಳುತ್ತಿದ್ದೆವೋ ಏನೋ.

ಕಾನೂನು ಇಲ್ಲವೇ? ಇದೆ. ನಮ್ಮ ಮೈಸೂರು ಸಂಸ್ಥಾನದಲ್ಲಿ 1933ರಲ್ಲಿಯೇ ಹಿಂದೂ ಹೆಂಗಸರ ಹಕ್ಕಿನ ಕಾಯಿದೆ ಬಂತು. 1956ರ ಉತ್ತರಾಧಿಕಾರ ಕಾಯಿದೆ ಗಂಡನ ಸ್ವಂತ ಆಸ್ತಿಯಲ್ಲಿ ವಿಧವೆಗೂ ಮಕ್ಕಳಿಗೂ ಸಮಪಾಲು ಎಂದಿತು. 1994ರಲ್ಲಿ ಕರ್ನಾಟಕ, 2005ರಲ್ಲಿ ಇಡೀ ದೇಶ, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆಯೇ ಹಕ್ಕು ಎಂದವು. ಕಾಯಿದೆ ಇಷ್ಟಿದ್ದರೂ 2015–16ರ ಕೃಷಿ ಗಣತಿಯಲ್ಲಿ ದೇಶದ ಸಾಗುವಳಿದಾರರ ಪೈಕಿ ಹೆಂಗಸರೆಂದು ದಾಖಲಾದವರು ನೂರಕ್ಕೆ ಸುಮಾರು 14 ಮಂದಿ. ನಾಟಿಯ ಗದ್ದೆಯಲ್ಲಿ ನಿಂತು ಎಣಿಸಿದರೆ ಎಷ್ಟು ಮಂದಿ ಹೆಂಗಸರು ಸಿಕ್ಕುತ್ತಾರೆ? ನೀವೇ ಎಣಿಸಿ ನೋಡಿ. ಶಾಲೆಯಲ್ಲಿ ನಾವು ಕರಿಹಲಗೆಯ ಮೇಲೆ ಬರೆದು ತೋರಿಸಿದ ಚಿತ್ರವೇ ತಾಲ್ಲೂಕು ಕಛೇರಿಯ ದಾಖಲೆಯಲ್ಲಿಯೂ ಇದೆ.

ಪಟ ಬರೆಸಿಕೊಂಡವರಿಗೆ ಏನು ದಕ್ಕುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಹೇಳುತ್ತೇವೆ. 1936ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಬಟಾಣಿ ಕೀಳುವ ಕೂಲಿಯವರ ಬಿಡಾರಕ್ಕೆ ಡೊರೋತಿಯಾ ಲ್ಯಾಂಗ್ ಎಂಬ ಫೋಟೋಗ್ರಾಫರ್ ಹೋದರು. ಹಿಮ ಬಿದ್ದು ಬೆಳೆ ಹೋಗಿತ್ತು, ಕೂಲಿಯಿರಲಿಲ್ಲ. ಅಲ್ಲಿದ್ದ ಒಬ್ಬ ತಾಯಿಯ ಕೆಲವು ಫೋಟೋ ತೆಗೆದರು. ವಯಸ್ಸು 32, ನೋಡಿದರೆ ಐವತ್ತು. ಚಿತ್ರ ಪತ್ರಿಕೆಯಲ್ಲಿ ಬಂದೊಡನೆ ಸರಕಾರ ಆ ಬಿಡಾರಕ್ಕೆ ಆಹಾರ ಕಳುಹಿಸಿತು. ಅಷ್ಟರಲ್ಲಿ ಆ ಸಂಸಾರ ಬೇರೆ ಕಡೆ ಹೊರಟುಹೋಗಿತ್ತು. ಆ ಚಿತ್ರ ಲೋಕಪ್ರಸಿದ್ಧವಾಯಿತು. ಫೋಟೋ ತೆಗೆದವರು ಆಕೆಯ ಹೆಸರನ್ನೇ ಕೇಳಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ತಿಳಿದದ್ದು 1978ರಲ್ಲಿ, ನಲವತ್ತೆರಡು ವರ್ಷದ ಮೇಲೆ. ಅದರಿಂದ ನನಗೆ ಬಿಡಿಗಾಸೂ ಬರಲಿಲ್ಲ ಎಂದು ಆಕೆ ಹೇಳಿಕೊಂಡರು. ಫೋಟೋ ತೆಗೆದವರು ಕೆಟ್ಟವರಲ್ಲ, ಬಡವರ ಪರವಾಗಿದ್ದವರೇ. ನಾವೂ ಬಡವರ ಪರವೇ. ಅದಕ್ಕೇ ಎಚ್ಚರ ಬೇಕು ಎನ್ನುವುದು.

ಆ ದಿನ ಮೇಷ್ಟ್ರು ಒಪ್ಪಿದರು. ಕೂತ ದಿನಕ್ಕೆಲ್ಲ ಕೂಲಿ ಕೊಡುವುದು ಎಂದಾಯಿತು. ಆಮೇಲೆ ಒಂದು ಪ್ರಶ್ನೆ ಎದ್ದಿತು. ಆ ಊರಿನಲ್ಲಿ ಗಂಡಾಳಿಗೆ ಒಂದು ದರ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ ದರ. ಯಾವ ದರ ಕೊಡಬೇಕು? ಅಜ್ಜಿಯನ್ನೇ ಕೇಳಿದೆವು. "ಕೂತ್ಕಳಾ ಕೆಲ್ಸದಲ್ಲಿ ಗಂಡಾಳೇನು ಎಣ್ಣಾಳೇನು?" ಎಂದು ನಕ್ಕರು. "ಹಾಗಾದರೆ ಕಳೆ ಕೀಳುವ ಕೆಲಸದಲ್ಲಿ, ಅವ್ವಾ?" ಎಂದೆವು. ನಗು ನಿಂತಿತು. ಎಲೆ ಅಡಿಕೆಯ ಸಂಚಿ ಬಿಚ್ಚಿದರು, ಮಾತಾಡಲಿಲ್ಲ. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂದು ದೇಶದಲ್ಲಿ ಕಾಯಿದೆಯಾದದ್ದು 1976ರಲ್ಲಿ. ಪಟಕ್ಕೆ ಕೂತ ಕೂಲಿಯಲ್ಲಿ ಆ ಅಜ್ಜಿಗೆ ಜೀವಮಾನದಲ್ಲಿ ಮೊದಲ ಬಾರಿ ಗಂಡಾಳಿನ ದರ ದಕ್ಕಿತು. ಇದರಲ್ಲಿ ನಾವು ಹೆಮ್ಮೆಪಡುವುದು ಏನೂ ಇಲ್ಲ.

ಎಂಟನೆಯ ಪಟವನ್ನು ಹೇಳಿ ಮುಗಿಸುತ್ತೇವೆ. ಏಳಾದ ಮೇಲೆ ಮೇಷ್ಟ್ರು ಎಲ್ಲವನ್ನೂ ಜಗಲಿಯ ಮೇಲೆ ಸಾಲಾಗಿ ಇಟ್ಟು ತೋರಿಸಿದರು. ನಮಗೆ ಬಹಳ ಹಿಡಿಸಿತು. ಶ್ರಮದ ಮಹತ್ವ ಎಂದು ಮನಸ್ಸಿನಲ್ಲೇ ಭಾಷಣ ಕಟ್ಟುತ್ತಿದ್ದೆವು. ಅಜ್ಜಿ ಒಂದೊಂದನ್ನೂ ನೋಡಿ, "ಮೊದಲ್ನೇದ್ ಬುಟ್ರ ಎಲ್ಲಾದ್ರಲ್ಲೂ ಗೇಯ್ತಾನೇ ಇವ್ನಿ. ಒಂದ್ರಲ್ಲಾದ್ರೂ ಸುಮ್ನ ಕೂರ್ಸಪ್ಪ" ಎಂದರು. ಆ ಕಡೆಯ ಪಟ ಅದೇ. ಹಳೆಯ ಸೀರೆ, ಕಂಬಕ್ಕೆ ಒರಗಿದ ಬೆನ್ನು, ಚಾಚಿದ ಕಾಲು, ತೊಡೆಯ ಮೇಲೆ ಬಿಟ್ಟ ಕೈ. ಕೈ ಮುಚ್ಚಿಕೊಂಡಿಲ್ಲ. ಮುದುಕರಿಗೆ ವಿಶ್ರಾಂತಿಯೂ ಒಂದು ಹಕ್ಕೆಂದು ನಾವು ಓದಿದ್ದೆವು. ಗಿರಣಿಯಲ್ಲಿ ವಾರದ ರಜೆಗೆ, ಎಂಟು ಗಂಟೆಯ ಪಾಳಿಗೆ ನಿಮ್ಮ ಹಿರಿಯರು ಹೋರಾಡಿದರು. ಹೊಲದ ಹೆಂಗಸಿಗೆ ಪಾಳಿ ಮುಗಿಯುವ ಗಂಟೆ ಹೊಡೆಯುವವರಿಲ್ಲ.

ಇನ್ನು ಕೆಲಸದ ಮಾತು. ನಿಮ್ಮಲ್ಲಿ ಬಹುಮಂದಿ ಕೆಲಸಗಾರರಿಗೆ ಊರಿನಲ್ಲಿ ಅವ್ವ ಇದ್ದಾರೆ, ಒಂದು ತುಂಡು ಹೊಲವಿದೆ. ಮುಂದಿನ ರಜೆಗೆ ಹೋದಾಗ ಪಹಣಿ ತೆಗೆಸಿ ನೋಡಿ. ಸತ್ತವರ ಹೆಸರಿದ್ದರೆ, ಮರಣದ ದಾಖಲೆ, ವಂಶವೃಕ್ಷ ಜೋಡಿಸಿ ನಾಡಕಛೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿ. ವಂಶವೃಕ್ಷದಲ್ಲಿ ಅವ್ವನ ಹೆಸರನ್ನೂ ಅಕ್ಕತಂಗಿಯರ ಹೆಸರನ್ನೂ ಬಿಡಬೇಡಿ. "ಅವರೇ ಬೇಡ ಅಂದರು" ಎಂದು ಹಕ್ಕುಬಿಡುಗಡೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಆತುರ ಬೇಡ. ಇದನ್ನು ಹೇಳಿದರೆ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ, ಯಜಮಾನರ ಹತ್ತಿರ ಹಕ್ಕು ಕೇಳುವವರು ಮನೆಯಲ್ಲಿ ಹಕ್ಕು ಕೊಡುವುದನ್ನೂ ಕಲಿಯಬೇಕು.

ಅಂಗಡಿಯ ಮಿತ್ರರೇ, ನಿಮ್ಮ ಲೆಕ್ಕದ ಪುಸ್ತಕವನ್ನೂ ಒಮ್ಮೆ ತಿರುವಿ. ಬೆಲ್ಲ, ಸೀಮೆಬತ್ತಿ, ಬೀಡಿಕಟ್ಟು ಎಂದು ಸಾಲ ಒಯ್ಯುವ ಹೆಂಗಸರ ಹೆಸರನ್ನು ಹೇಗೆ ಬರೆದಿದ್ದೀರಿ? "ಕೆಂಪನ ಅವ್ವ", "ಆಚೆ ದಂಡೆ ಮುದುಕಿ" ಎಂದಲ್ಲವೇ? ಬಾಕಿ ವಸೂಲಿಗೆ ಅಷ್ಟು ಸಾಕು. ಆದರೂ ಹೆಸರು ಕೇಳಿ ಬರೆದುಕೊಳ್ಳಿ. ಅವರು ತಂದ ಅವರೆಕಾಯಿಯನ್ನು ತೂಗುವಾಗ ತಕ್ಕಡಿ ನೆಟ್ಟಗಿರಲಿ ಎಂದು ಬೇರೆ ಹೇಳಬೇಕಿಲ್ಲ.

ಅಜ್ಜಿ ಈ ಸಭೆಗೆ ಬರಬೇಕಿತ್ತು. ಅವರೆ ಬಿಡಿಸುವ ಕೆಲಸವಿದೆ ಎಂದು ಬರಲಿಲ್ಲ. ಅವರ ಪೌತಿ ಖಾತೆಯ ಅರ್ಜಿಯನ್ನು ನಾವೇ ಬರೆದು, ಅವರಿಂದಲೇ ಕೊಡಿಸಿದ್ದೇವೆ. ಇನ್ನೂ ಆಗಿಲ್ಲ, ಎರಡು ಸಲ ಹೋಗಿ ಬಂದಿದ್ದೇವೆ, ಮೂರನೆಯ ಸಲವೂ ಹೋಗುತ್ತೇವೆ. ಈ ಪಟಗಳ ಕೆಳಗೆ ಅವರ ಹೆಸರು ಬರೆಯಬೇಕೆಂದು ಮೇಷ್ಟ್ರು ಕುಂಚ ಹಿಡಿದು ಕೂತಿದ್ದರು. ಅಜ್ಜಿಯೇ ತಡೆದರು. "ಮೊದ್ಲು ಪಾಣೀಲಿ ಬರ್ಲಿ. ಆಮ್ಯಾಲ ಇಲ್ಲಿ ಬರೀ" ಎಂದರು. ಆದುದರಿಂದ ಎಂಟು ಪಟಗಳ ಕೆಳಗೂ ಸದ್ಯಕ್ಕೆ ಜಾಗ ಖಾಲಿ ಬಿಟ್ಟಿದೆ. ಹೋಗುವಾಗ ಹತ್ತಿರ ನಿಂತು ನೋಡಿ ಹೋಗಿ.